ಸಿಡಬ್ಲ್ಯುಸಿ, ಜೆಜೆಬಿ ಅನುದಾನ: ಕ್ರಿಯಾ ಯೋಜನೆಯಲ್ಲಿ ಏನು ಕೇಳಬೇಕು, ಕಂತು ಎಲ್ಲಿ ನಿಲ್ಲುತ್ತದೆ?

ಲೆಕ್ಕಶಾಖೆ ಹೊಸಬ:

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯದ (ಕೇಂದ್ರ, ರಾಜ್ಯ ಸೇರಿ ಹಣ ಹಾಕುವ ಮಕ್ಕಳ ರಕ್ಷಣಾ ಯೋಜನೆ) ಲೆಕ್ಕ ನನ್ನ ಪಾಲಿಗೆ ಬಂದಿದೆ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಆರೈಕೆ, ರಕ್ಷಣೆ ಬೇಕಾದ ಮಕ್ಕಳ ಪ್ರಕರಣ ನೋಡುವ ಮಕ್ಕಳ ಕಲ್ಯಾಣ ಸಮಿತಿ (ಸಿಡಬ್ಲ್ಯುಸಿ) ಮತ್ತು ಅಪರಾಧದ ಆರೋಪವಿರುವ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯ (ಜೆಜೆಬಿ) ಭಾಗ ಬರೆದುಕೊಡಬೇಕು. ಹಳೆಯ ಕಡತ ತೆಗೆದರೆ ಪ್ರತಿ ವರ್ಷವೂ ಅದೇ ನಾಲ್ಕು ಸಾಲು: ಸಭಾ ಭತ್ಯೆ, ಕಂಪ್ಯೂಟರ್, ಪೀಠೋಪಕರಣ, ಸಾದಿಲ್ವಾರು (ಚಿಲ್ಲರೆ ಖರ್ಚು). ಮೊತ್ತಕ್ಕೆ ಶೇ. 10 ಸೇರಿಸಿದ್ದು ಬಿಟ್ಟರೆ ಬೇರೇನೂ ಬದಲಾಗಿಲ್ಲ.

ಮೂರು ವಿಷಯ ತಿಳಿಯಬೇಕಿತ್ತು. ನಮ್ಮಲ್ಲಿ ಖರ್ಚಾಗಿದ್ದರೂ ಮುಂದಿನ ಕಂತು ಯಾಕೆ ತಡವಾಗುತ್ತದೆ? ಸಮಿತಿಯವರು ಬಾಲಮಂದಿರಕ್ಕೆ ಭೇಟಿ ಕೊಟ್ಟ ದಿನದ ಭತ್ಯೆಗೆ ಆಡಿಟ್ ಆಕ್ಷೇಪಣೆ ಬಂದಿದೆ, ಏನು ಉತ್ತರ ಕೊಡುವುದು? ಮತ್ತೆ, ಪ್ರಕರಣಗಳು ನಿಜವಾಗಿ ಬೇಗ ಮುಗಿಯಬೇಕೆಂದರೆ ಯೋಜನೆಯಲ್ಲಿ ಯಾವುದಕ್ಕೆ ಹಣ ಕೇಳಬೇಕು?

ಖಜಾನೆ ಕಿಟಕಿ:

ಮೊದಲ ಎರಡಕ್ಕೆ ನಾನು ಹೇಳುತ್ತೇನೆ, ಮೂರನೆಯದು ಸಮಿತಿಯ ಕೆಲಸ ಬಲ್ಲವರಿಗೆ.

ಕಂತಿನ ವಿಷಯ. ಕೇಂದ್ರ ಹಣಕಾಸು ಸಚಿವಾಲಯದ 2021ರ ಮಾರ್ಚ್ ಆದೇಶದಂತೆ ಕೇಂದ್ರದ ಪಾಲು ಒಂದು ಸಲಕ್ಕೆ ಶೇ. 25ಕ್ಕಿಂತ ಹೆಚ್ಚು ಬರುವುದಿಲ್ಲ. ಮುಂದಿನ ಕಂತು ಬೇಕಾದರೆ ರಾಜ್ಯದ ಪಾಲು ಎಸ್‌ಎನ್‌ಎ (ಯೋಜನೆಯ ಹಣಕ್ಕೆ ರಾಜ್ಯ ಗೊತ್ತುಮಾಡಿದ ಏಕ ನೋಡಲ್ ಸಂಸ್ಥೆ) ಖಾತೆಗೆ ಸೇರಿರಬೇಕು, ಎರಡೂ ಪಾಲು ಕೂಡಿಸಿ ಶೇ. 75 ಖರ್ಚಾಗಿರಬೇಕು. ಲೆಕ್ಕಕ್ಕೆ ಒಂದು ಉದಾಹರಣೆ: ಕೇಂದ್ರ, ರಾಜ್ಯದ ಪಾಲು 60:40 ಇರುವಲ್ಲಿ ಕೇಂದ್ರದಿಂದ 1 ಕೋಟಿ ಬಂದರೆ ರಾಜ್ಯದ್ದು 66.67 ಲಕ್ಷ. ಒಟ್ಟು 166.67 ಲಕ್ಷದಲ್ಲಿ 125 ಲಕ್ಷ ಖರ್ಚು ತೋರಿಸಬೇಕು. ಈ ಲೆಕ್ಕ ಹಾಕುವುದು ಇಡೀ ರಾಜ್ಯಕ್ಕೆ. ನಿಮ್ಮ ಜಿಲ್ಲೆ ಶೇ. 90 ಮುಟ್ಟಿದ್ದರೂ ಉಳಿದ ಜಿಲ್ಲೆಗಳು ಬಿಲ್ಲುಗಳನ್ನು ಕಪಾಟಿನಲ್ಲಿಟ್ಟುಕೊಂಡು ಕೂತರೆ ನೀವೂ ಕಾಯಬೇಕು.

ಜಿಲ್ಲೆಗೆ ಇರುವುದು ಶೂನ್ಯ ಶಿಲ್ಕಿನ ಉಪಖಾತೆ (ಅದರಲ್ಲಿ ಹಣ ನಿಲ್ಲುವುದಿಲ್ಲ), ಎಷ್ಟರವರೆಗೆ ಪಾವತಿಸಬಹುದು ಎಂದು ಅದಕ್ಕೊಂದು ಮಿತಿ. ಆ ಮಿತಿಯನ್ನು ಕೈಲಿರುವ ಹಣ ಎಂದು ಓದಬೇಡಿ. ಪಿಎಫ್‌ಎಂಎಸ್‌ನಲ್ಲಿ (ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆ) ಪಾವತಿ ಪೂರ್ತಿಯಾದಾಗ ಮಾತ್ರ ಅದು ಖರ್ಚು. ಬಿಲ್ ಪಾಸಾಗಿ ಮೇಜಿನ ಮೇಲಿದ್ದರೆ ಲೆಕ್ಕಕ್ಕಿಲ್ಲ. ಒಬ್ಬರು ತಯಾರಿಸಿ ಇನ್ನೊಬ್ಬರು ಅನುಮೋದಿಸಬೇಕಾದ್ದರಿಂದ ಅನುಮೋದಕರ ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೇ ಎಂದು ತಿಂಗಳ ಮೊದಲೇ ನೋಡಿಕೊಳ್ಳಿ. ವರ್ಗಾವಣೆಯಾದ ಅಧಿಕಾರಿಯ ಹೆಸರಿನಲ್ಲೇ ಲಾಗಿನ್ ಉಳಿದು ಪಾವತಿ ನಿಲ್ಲುವುದು ಬಹಳ ಸಾಮಾನ್ಯ. ಮುಂಗಡ ಕೊಟ್ಟದ್ದನ್ನೂ ಖರ್ಚಿಗೆ ಸೇರಿಸಬೇಡಿ. ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರ ಕೊಡುವಾಗ ಅದೇ ಕುತ್ತಿಗೆಗೆ ಬರುತ್ತದೆ. ರಾಜ್ಯ ಕೊಡುವುದು ಜಿಎಫ್‌ಆರ್‌ನ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) ನಮೂನೆ 12-ಸಿ, ಅನುದಾನ ಪಡೆದ ಸಂಸ್ಥೆಗಳದ್ದು 12-ಎ. ಎರಡನ್ನೂ ಒಂದೇ ಕಟ್ಟಿನಲ್ಲಿ ಕಳಿಸಿದರೆ ಹಿಂದಕ್ಕೆ ಬರುತ್ತದೆ. ಯೋಜನೆ ಸ್ಪರ್ಶ್ ವ್ಯವಸ್ಥೆಗೆ (ಪಾವತಿಯ ಹೊತ್ತಿಗೇ ಹಣ ಬಿಡುವ ಕೇಂದ್ರದ ಹೊಸ ಕ್ರಮ) ಹೋದ ಕಡೆ ಈ ಕಂತಿನ ಕಥೆಯೇ ಬೇರೆ, ಮಂಜೂರಾತಿ ಆದೇಶ ನೋಡಿಕೊಳ್ಳಿ.

ಆಡಿಟ್ ಆಕ್ಷೇಪಣೆಗೆ ಉತ್ತರ ಸುಲಭ. ಬಾಲ ನ್ಯಾಯ ಕಾಯ್ದೆ 2015ರ 28(2)ನೇ ಕಲಮಿನಲ್ಲೇ ಇದೆ: ಸಂಸ್ಥೆಯ ಕಾರ್ಯನಿರ್ವಹಣೆ, ಮಕ್ಕಳ ಯೋಗಕ್ಷೇಮ ನೋಡಲು ಸಮಿತಿ ಕೊಡುವ ಭೇಟಿಯನ್ನು ಸಮಿತಿಯ ಸಭೆ ಎಂದೇ ಪರಿಗಣಿಸಬೇಕು. ತಿಂಗಳಿಗೆ ಕನಿಷ್ಠ ಎರಡು ಭೇಟಿ 30ನೇ ಕಲಮಿನಂತೆ ಅವರ ಕರ್ತವ್ಯ. ಆದರೆ ಕಲಂ ಉಲ್ಲೇಖಿಸಿದರೆ ಸಾಲದು. ಭೇಟಿಯ ದಿನ ಹಾಜರಾತಿ ವಹಿಯಲ್ಲಿ ಸಹಿ, ಜತೆಗೆ ಭೇಟಿ ವರದಿಯ ಪ್ರತಿ ವೋಚರಿಗೆ ಹಚ್ಚಿರಬೇಕು. ಅದೇ ದಿನ ಕಚೇರಿಯಲ್ಲೂ ಸಭೆ ತೋರಿಸಿ ಎರಡು ಭತ್ಯೆ ಹಾಕಿದ್ದರೆ ಆಕ್ಷೇಪಣೆ ಸರಿಯಾದದ್ದೇ, ವಸೂಲಿಗೆ ಸಿದ್ಧರಾಗಿ.

ಕಲಂ 36:

ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು, ಬಹಳ ಜಿಲ್ಲೆಗಳಲ್ಲಿ ಅದನ್ನು ಯಾರೂ ಕೇಳುವುದೇ ಇಲ್ಲ. ಯೋಜನೆ ಬರೆಯುವ ಮೊದಲು ಹಳೆಯ ಬಜೆಟ್ ಕಡತ ಮುಚ್ಚಿಟ್ಟು ಪ್ರಕರಣಗಳ ವಹಿ ತೆಗೆಯಿರಿ.

ಒಂದು ಹಾಳೆಯಲ್ಲಿ ಪ್ರತಿ ಮಗುವಿಗೆ ಒಂದು ಸಾಲು ಹಾಕಿ. ಮಗು ಮೊದಲು ಹಾಜರಾದ ದಿನ, ಸಾಮಾಜಿಕ ತನಿಖಾ ವರದಿ (ಮಗುವಿನ ಮನೆ, ಹಿನ್ನೆಲೆಯ ವರದಿ) ಬರಬೇಕಿದ್ದ ದಿನ, ಬಂದ ದಿನ, ಪ್ರತಿ ಮುಂದೂಡಿಕೆಯ ಕಾರಣ, ಅಂತಿಮ ಆದೇಶದ ದಿನ. ಕಾಯ್ದೆಯ 36ನೇ ಕಲಮಿನಂತೆ ತನಿಖೆ 15 ದಿನದಲ್ಲಿ, ಅಂತಿಮ ಆದೇಶ ಮೊದಲ ಹಾಜರಿಯಿಂದ ನಾಲ್ಕು ತಿಂಗಳಲ್ಲಿ. ಜೂನ್ 3ಕ್ಕೆ ಬಂದ ಮಗುವಿನ ವರದಿ ಜೂನ್ 18ಕ್ಕೆ ಇರಬೇಕಿತ್ತು, ವಹಿಯಲ್ಲಿ ಜುಲೈ 20 ಎಂದಿದ್ದರೆ ಆ ಒಂದು ತಿಂಗಳು ಎಲ್ಲಿ ಹೋಯಿತು ಎಂಬುದೇ ನಿಮ್ಮ ಯೋಜನೆಯ ಮೊದಲ ಸಾಲು. ದತ್ತು ಮುಕ್ತ ಘೋಷಣೆಯ (ಮಗುವನ್ನು ದತ್ತು ಕೊಡಬಹುದು ಎಂದು ಸಮಿತಿ ಘೋಷಿಸುವ) ಪ್ರಕರಣಗಳನ್ನು ಬೇರೆ ಬಣ್ಣದಲ್ಲಿಡಿ. 38ನೇ ಕಲಮಿನಂತೆ ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ದೊಡ್ಡ ಮಗುವಿಗೆ ನಾಲ್ಕು ತಿಂಗಳು. ಅಲ್ಲಿ ಕಳೆದ ಒಂದೊಂದು ವಾರವೂ ದುಬಾರಿ.

ಹಾಗೆ ಬರೆದಾಗ ಕಾರಣಗಳು ನಾಲ್ಕೈದೇ ಇರುತ್ತವೆ. ಒಂದು, ಅಂತಿಮ ತೀರ್ಮಾನದ ದಿನ ಮೂವರು ಸದಸ್ಯರಿರಲಿಲ್ಲ. ಇದು ಲೆಕ್ಕದವರು ಗಮನಿಸಲೇಬೇಕಾದ ಸಂಗತಿ. ಇಬ್ಬರೇ ಕೂತ ದಿನವೂ ಸಭೆಯೇ, ಭತ್ಯೆ ಬೀಳುತ್ತದೆ, ಆದರೆ ಅಂತಿಮ ಆದೇಶ ಹೊರಡುವಂತಿಲ್ಲ. ತಿಂಗಳಿಗೆ 20 ಸಭೆ, ಅಧ್ಯಕ್ಷರೂ ಸೇರಿ ಐವರು ಎಂದರೆ ವರ್ಷಕ್ಕೆ 1,200 ಹಾಜರಿ. ಅಷ್ಟಕ್ಕೂ ಹಣ ಖರ್ಚಾಗಿದೆ ಎನ್ನುವುದರಿಂದ ಪ್ರಕರಣಗಳು ಮುಗಿದಿವೆ ಎಂದು ತಿಳಿಯುವುದಿಲ್ಲ. ಅಂತಿಮ ಆದೇಶದ ಪ್ರಕರಣಗಳನ್ನು ವಾರದಲ್ಲಿ ಎರಡು ನಿಗದಿತ ದಿನಕ್ಕೆ ಕಟ್ಟಿ, ಆ ದಿನ ಮೂವರು ಖಚಿತವಾಗಿ ಇರುವಂತೆ ಅಧ್ಯಕ್ಷರಿಂದ ವೇಳಾಪಟ್ಟಿ ಮಾಡಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಇನ್ನೊಂದು, ಭಾಷೆ. ರೈಲು ನಿಲ್ದಾಣದಲ್ಲಿ ಸಿಕ್ಕ ಮಗು ಒಡಿಯಾ ಅಥವಾ ಬಂಗಾಳಿ ಮಾತ್ರ ಆಡುತ್ತದೆ, ದುಭಾಷಿ ಸಿಗುವವರೆಗೆ ಕಡತ ಮಲಗುತ್ತದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ನಿಯಮಗಳು 2020ರ ಪ್ರಕಾರ ದುಭಾಷಿ, ಅನುವಾದಕ, ವಿಶೇಷ ಶಿಕ್ಷಕರ ಪಟ್ಟಿ ಇಡಬೇಕಾದ್ದು ನಿಮ್ಮ ಘಟಕವೇ, ಆ ಪ್ರಕರಣಗಳ ಸಂಭಾವನೆಯನ್ನು ಬಾಲ ನ್ಯಾಯ ಕಾಯ್ದೆಯ 105ನೇ ಕಲಮಿನ ಬಾಲ ನ್ಯಾಯ ನಿಧಿಯಿಂದ ಅಥವಾ ಘಟಕದ ಕೈಲಿರುವ ಹಣದಿಂದ ಕೊಡಬಹುದು. ಪಟ್ಟಿ ಇದೆ, ದರ ನಿಗದಿಯಾಗಿಲ್ಲ ಎಂಬ ಜಿಲ್ಲೆಗಳೇ ಹೆಚ್ಚು. ದರ ಇಲ್ಲದೆ ಬಿಲ್ ಪಾಸಾಗುವುದಿಲ್ಲ, ಒಮ್ಮೆ ಬಿಲ್ ಪಾಸಾಗದಿದ್ದರೆ ಆ ದುಭಾಷಿ ಎರಡನೇ ಸಲ ಫೋನ್ ಎತ್ತುವುದಿಲ್ಲ.

ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಮಗುವನ್ನು ಕಳಿಸುವ ಆದೇಶವಾದರೂ ಬೆಂಗಾವಲಿನ ಪ್ರಯಾಣ ವೆಚ್ಚಕ್ಕೆ ಮುಂಗಡ ಸಿಗದೆ ವಾರಗಟ್ಟಲೆ ನಿಲ್ಲುವುದು ಮತ್ತೊಂದು. ಇದಕ್ಕೆ ಪ್ರತ್ಯೇಕ ಸಾಲು ಕೇಳಿ, ಸಾದಿಲ್ವಾರಿನಲ್ಲಿ ಹುದುಗಿಸಬೇಡಿ.

ಮಂಡಳಿಯ ಕಡೆ ಒಂದು ಖರ್ಚು ತಪ್ಪದೇ ಹಾಕಿ: ಮನಶ್ಶಾಸ್ತ್ರಜ್ಞರ ಶುಲ್ಕ. 16 ದಾಟಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದಾಗ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ ಮೂರು ತಿಂಗಳಲ್ಲಿ ಮುಗಿಯಬೇಕು. ಮಕ್ಕಳ ಮನಶ್ಶಾಸ್ತ್ರ ಓದಿದ ಸದಸ್ಯರು ಮಂಡಳಿಯಲ್ಲಿ ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತಿಂಗಳ ಸಂಬಳದ ಹುದ್ದೆ ಕೇಳಿದರೆ ಮಂಜೂರಾತಿಗೇ ವರ್ಷ ಹಿಡಿಯುತ್ತದೆ. ಪ್ರಕರಣಕ್ಕೆ ಇಷ್ಟು ಎಂದು ಕೇಳಿ, ಹಿಂದಿನ ಎರಡು ವರ್ಷದ ಪ್ರಕರಣಗಳ ಸಂಖ್ಯೆ ಜತೆಗಿಡಿ.

ಪೀಠೋಪಕರಣದ ಬಗ್ಗೆ ಒಂದು ಮಾತು. ಕೊಠಡಿ ನವೀಕರಣ ಎಂದ ಕೂಡಲೇ ಎಂಜಿನಿಯರ್ ಕೋರ್ಟ್ ಹಾಲಿನ ಹಳೆಯ ಅಂದಾಜುಪಟ್ಟಿಯನ್ನೇ ನಕಲು ಮಾಡಿ ಒಂದೂವರೆ ಅಡಿ ಎತ್ತರದ ವೇದಿಕೆ, ಕಟಕಟೆ ಸೇರಿಸಿಬಿಡುತ್ತಾರೆ. ಮಂಡಳಿ ಎತ್ತರದ ವೇದಿಕೆಯ ಮೇಲೆ ಕೂರಬಾರದು, ಮಗುವಿಗೂ ಅದಕ್ಕೂ ನಡುವೆ ಕಟಕಟೆಯಂಥ ಅಡ್ಡ ಇರಬಾರದು ಎಂಬುದು 2016ರ ಮಾದರಿ ನಿಯಮ. ಕಟ್ಟಿದ ಮೇಲೆ ಒಡೆಸಲು ಯಾವ ಶೀರ್ಷಿಕೆಯಲ್ಲೂ ಹಣವಿಲ್ಲ.

ಸಾಗರದಾಚೆ:

ಅಮೆರಿಕದಲ್ಲಿ ಮಕ್ಕಳ ಪ್ರಕರಣಗಳ ವಿಚಾರಣೆ ಸುಧಾರಿಸಲೆಂದೇ ಒಂದು ಅನುದಾನವಿದೆ, ಕೋರ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ. 1993ರ ಕಾನೂನಿನಿಂದ ಶುರುವಾದದ್ದು, ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯ 438ನೇ ಕಲಂ. ಒಕ್ಕೂಟ ಸರ್ಕಾರದ ಚಿಲ್ಡ್ರನ್ಸ್ ಬ್ಯೂರೋ ಹಣ ಕೊಡುವುದು ರಾಜ್ಯದ ಇಲಾಖೆಗಲ್ಲ, ನೇರವಾಗಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ. ಒಟ್ಟು ವೆಚ್ಚದ ಶೇ. 25 ರಾಜ್ಯದ ಕಡೆಯಿಂದ ಬರಬೇಕು. ಇಲ್ಲಿ ಹೊಸಬರು ಎಡವುವುದು ಗುಣಾಕಾರದಲ್ಲಿ: 3 ಲಕ್ಷ ಡಾಲರ್ ಅನುದಾನಕ್ಕೆ ಹೊಂದಾಣಿಕೆ (ರಾಜ್ಯ ಹಾಕಬೇಕಾದ ಪಾಲು) 75 ಸಾವಿರವಲ್ಲ, 1 ಲಕ್ಷ, ಯಾಕೆಂದರೆ ಶೇಕಡಾವಾರು ಹಾಕುವುದು 4 ಲಕ್ಷದ ಮೇಲೆ. ಮತ್ತೊಂದು ಒಕ್ಕೂಟ ಅನುದಾನವನ್ನು ಹೊಂದಾಣಿಕೆಯಾಗಿ ತೋರಿಸುವಂತಿಲ್ಲ.

ಅಲ್ಲಿ ಪ್ರಯೋಜನಕ್ಕೆ ಬಂದದ್ದು ಕಲಂ 36 ಅವರು ಹೇಳಿದ ಹಾಳೆಯೇ. ಮಗು ಪೋಷಕ ಆರೈಕೆಗೆ (ಸ್ವಂತ ಮನೆಯ ಹೊರಗಿನ ತಾತ್ಕಾಲಿಕ ಆರೈಕೆ) ಬಂದು 12 ತಿಂಗಳೊಳಗೆ ಶಾಶ್ವತ ನೆಲೆಯ ವಿಚಾರಣೆ (ಮಗು ಕೊನೆಗೆ ಎಲ್ಲಿ ನೆಲೆಸಬೇಕು ಎಂಬುದರದ್ದು) ಆಗಬೇಕೆಂಬುದು ಒಕ್ಕೂಟ ಕಾನೂನು. ಅರ್ಜಿ ಹಾಕಿದ ದಿನದಿಂದ ಆ ವಿಚಾರಣೆಗೆ, ಶಾಶ್ವತ ನೆಲೆಗೆ ಎಷ್ಟೆಷ್ಟು ದಿನ ಎಂದು ಅಳೆಯುತ್ತಾರೆ. ನ್ಯಾಯಾಲಯದ ದತ್ತಾಂಶವನ್ನು ಮಕ್ಕಳ ಇಲಾಖೆಯ ದತ್ತಾಂಶದ ಜತೆ ಹೊಂದಿಸದೆ ಇದು ಸಾಧ್ಯವಿಲ್ಲ, ಒಂದೇ ಮಗುವಿಗೆ ಎರಡು ಕಡೆ ಎರಡು ಸಂಖ್ಯೆ ಇದ್ದರೆ ವರ್ಷಗಟ್ಟಲೆ ಅದರಲ್ಲೇ ಹೋಗುತ್ತದೆ. ವೇಗದ ಜತೆ ವಿಚಾರಣೆಯ ಗುಣಮಟ್ಟವನ್ನೂ ನೋಡುತ್ತಾರೆ: ಪೋಷಕರು ಬಂದಿದ್ದರೇ, ವಕೀಲರಿದ್ದರೇ, ಮಗುವಿನ ಮಾತು ಕೇಳಿದರೇ. ದಿನ ಮಾತ್ರ ಎಣಿಸಿದರೆ ಮೂರು ನಿಮಿಷದ ವಿಚಾರಣೆಗಳು ಹೆಚ್ಚುತ್ತವೆ.

ಲೆಕ್ಕಶಾಖೆ ಹೊಸಬ:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಸಂಶಯ. ಪಕ್ಕದ ಜಿಲ್ಲೆಯ ಸಮಿತಿಯ ಅವಧಿ ಮುಗಿಯುತ್ತಾ ಬಂದಿದೆ, ನಮ್ಮವರಿಗೇ ಪ್ರಭಾರ ಬರುವ ಸೂಚನೆ ಇದೆ. ಆಗ ಭತ್ಯೆ, ಪ್ರಯಾಣ ವೆಚ್ಚ ಯಾರ ಲೆಕ್ಕಕ್ಕೆ? ಮತ್ತೆ ಬಾಕಿ ಪ್ರಕರಣದ ಅಂಕಿ ಅಧಿಕೃತವಾಗಿ ಎಲ್ಲಿಂದ ತೆಗೆದುಕೊಳ್ಳಲಿ?

ಖಜಾನೆ ಕಿಟಕಿ:

ಪ್ರಭಾರದ ಆದೇಶದಲ್ಲೇ ಬರೆಸಿಕೊಳ್ಳಿ. ಸಭೆ ಎಲ್ಲಿ ನಡೆಯುತ್ತದೆ, ಯಾವ ದಿನಗಳಲ್ಲಿ, ವೆಚ್ಚ ಯಾವ ಘಟಕದ ಮಿತಿಯಿಂದ, ಈ ಮೂರೂ ಇರಲಿ. ಆದೇಶ ಮೌನವಾಗಿದ್ದರೆ ನಿರ್ದೇಶನಾಲಯಕ್ಕೆ ಮೊದಲೇ ಸ್ಪಷ್ಟೀಕರಣ ಕೇಳಿ ಪತ್ರ ಹಾಕಿ, ಬಿಲ್ ಬಂದ ಮೇಲಲ್ಲ. ಎರಡೂ ಜಿಲ್ಲೆಗೆ ಬೇರೆ ಬೇರೆ ಹಾಜರಾತಿ ವಹಿ ಇಡಿಸಿ. ಒಂದೇ ವಹಿಯಲ್ಲಿ ಬರೆದರೆ ಯಾವ ದಿನ ಯಾವ ಜಿಲ್ಲೆಯದ್ದು ಎಂದು ಆಮೇಲೆ ಬಿಡಿಸಲಾಗದು.

ಕಲಂ 36:

ಅಂಕಿಗೆ ಎರಡು ಕಡತ ಸಾಕು. 36(4)ರಂತೆ ಸಮಿತಿ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ವಿಲೇವಾರಿ ಮತ್ತು ಬಾಕಿಯ ವರದಿ ಕೊಡಬೇಕು. ಮಂಡಳಿಯ ಬಾಕಿಯನ್ನು 16ನೇ ಕಲಮಿನಂತೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ. ನಾಲ್ಕು ತ್ರೈಮಾಸಿಕದ ಪ್ರತಿ ತೆಗೆದು ನಿಮ್ಮ ಹಾಳೆಯ ಜತೆ ತಾಳೆ ನೋಡಿ. ಸಾಮಾನ್ಯವಾಗಿ ವ್ಯತ್ಯಾಸ ಬರುವುದು ಬೇರೆ ಜಿಲ್ಲೆಗೆ ವರ್ಗವಾದ ಮಕ್ಕಳಲ್ಲಿ: ಕಳಿಸಿದವರು ವಿಲೇವಾರಿ ಎಂದು ಬರೆದಿರುತ್ತಾರೆ, ಪಡೆದವರು ಹೊಸ ಪ್ರಕರಣ ಎಂದು ಮೊದಲ ದಿನದಿಂದ ಎಣಿಸುತ್ತಾರೆ. ಮೊದಲ ಹಾಜರಿಯ ಮೂಲ ದಿನಾಂಕವನ್ನೇ ಹಾಳೆಯಲ್ಲಿ ಉಳಿಸಿಕೊಳ್ಳಿ.