ಹಳೇ ರಾಕ್ ಕಲಾವಿದರು ತಮ್ಮ ಆಲ್ಬಂ ಬಗ್ಗೆ ಹೇಳುವ ಕಥೆಗಳಲ್ಲಿ ಯಾರದ್ದನ್ನು ನಂಬೋದು?

ಗೋಡೆ_ಗಡಿಯಾರ

ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' 1973ರ ಮಾರ್ಚ್‌ನಲ್ಲಿ ಬಂದ ಆಲ್ಬಂ. ಅದನ್ನು ಮಾಡಿದವರು ಎಷ್ಟೋ ವರ್ಷದ ಮೇಲೆ ಕೂತು ಹೇಳಿದ್ದನ್ನೆಲ್ಲ ಈಚೆಗೆ ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯೇ ಆಗೋದಿಲ್ಲ! ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ರೋಜರ್ ವಾಟರ್ಸ್ 2023ರಲ್ಲಿ ಅದೇ ಆಲ್ಬಂ ಅನ್ನು ಒಬ್ಬರೇ ಮತ್ತೆ ಮಾಡಿದರು. ಗಿಟಾರ್ ಸೋಲೋಗಳೇ ಇಲ್ಲ, ಬರೀ ಮಾತು ಜಾಸ್ತಿ. ಆ ಹೊತ್ತಿಗೆ 'ಅದು ನಾನು ಬರೆದದ್ದು, ನಾವು ನಾವು ಅನ್ನೋದು ಸಾಕು' ಅನ್ನೋ ಧಾಟಿಯಲ್ಲೂ ಮಾತಾಡಿದರು. ಗಿಟಾರ್ ನುಡಿಸಿದ ಡೇವಿಡ್ ಗಿಲ್ಮೋರ್ ಹೇಳೋ ಕಥೆಯೇ ಬೇರೆ. ಇದನ್ನೆಲ್ಲ ಹೇಗೆ ಓದಬೇಕು? ತಿಳಿದವರು ಹೇಳಿ.

ಹಳೇ_ಸ್ಪೂಲ್

ನಾನು ಒಂದು ಕಾಲದಲ್ಲಿ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸ ಮಾಡಿದವನು. ಹಾಗಾಗಿ 'ಇದು ಯಾರದು' ಅನ್ನುವ ಜಗಳ ಶುರುವಾದರೆ ನನಗೆ ಆಕಳಿಕೆ ಬರುತ್ತದೆ. ಕೈಯಲ್ಲಿ ಏನು ಮಾಡಿದರು ಅಂತ ಹೇಳುವಾಗ ಮಾತ್ರ ಕಿವಿ ನೆಟ್ಟಗಾಗುತ್ತದೆ.

'ಮನಿ' ಹಾಡಿನ ಶುರುವಿನಲ್ಲಿ ಬರುವ ಚಿಲ್ಲರೆ ಕಾಸಿನ ಸದ್ದನ್ನೇ ತಗೊಳ್ಳಿ. ಡ್ರಮ್ಮರ್ ನಿಕ್ ಮೇಸನ್ ಅದನ್ನು ಬಿಡಿಸಿ ಬರೆದಿದ್ದಾರೆ. ಮೇಸನ್ ಹಳೇ ಪೆನ್ನಿ ನಾಣ್ಯಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿಕೊಂಡರು. ವಾಟರ್ಸ್ ಹೆಂಡತಿ ಮಡಿಕೆ ಕೆಲಸ ಮಾಡುತ್ತಿದ್ದವರು. ಆಕೆ ಮಣ್ಣು ಕಲಸುತ್ತಿದ್ದ ಬೋಗುಣಿಯಲ್ಲಿ ವಾಟರ್ಸ್ ಕಾಸು ಹಾಕಿ ಗಿರಗಿರ ತಿರುಗಿಸಿ ರೆಕಾರ್ಡ್ ಮಾಡಿಕೊಂಡರು. ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು, ಹೀಗೆ ಒಟ್ಟು ಏಳು. ಒಂದೊಂದನ್ನೂ ಸ್ಕೇಲ್ ಇಟ್ಟು ಅಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ಅಂಟಿಸಿ, ಮತ್ತೆ ಮತ್ತೆ ತಿರುಗುವ ಟೇಪಿನ ಸುತ್ತು ಮಾಡಿದ್ದು. ಹಾಡಿನ ಏಳು ಎಣಿಕೆಗೆ ಏಳು ತುಂಡು.

ಟೇಪು ಕತ್ತರಿಸಿದವರಿಗೆ ಇದರ ಕಷ್ಟ ಗೊತ್ತು. ಸದ್ದು ಎಲ್ಲಿ ಶುರುವಾಗುತ್ತದೆ ಅಂತ ಸ್ಪೂಲನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ ಹುಡುಕಬೇಕು. ಬಣ್ಣದ ಮೇಣದ ಪೆನ್ಸಿಲಲ್ಲಿ ಗುರುತು ಹಾಕಬೇಕು. ಆಮೇಲೆ ಓರೆಯಾಗಿ ಬ್ಲೇಡು ಹಾಕಬೇಕು. ಒಂದು ತುಂಡು ಕೂದಲೆಳೆ ಉದ್ದವಾದರೂ ಪ್ರತಿ ಸುತ್ತಿನಲ್ಲೂ ಅಲ್ಲೇ ಎಡವುತ್ತದೆ. ಇಂಥ ವಿವರವನ್ನು ಸುಮ್ನೆ ಕಟ್ಟಿ ಹೇಳೋಕೆ ಆಗೋದಿಲ್ಲ. ಮೇಸನ್ ಮಾತು ಇಲ್ಲಿ ನಂಬುತ್ತೇನೆ.

ಜಗಳದ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. ಬೇರೆ ಬೇರೆ ರೆಕಾರ್ಡ್ ಮಾಡಿದ್ದನ್ನು ಹದವಾಗಿ ಬೆರೆಸುವ ಕೊನೆಯ ಮಿಕ್ಸಿಂಗಿನಲ್ಲಿ ತನಗೆ ಎಕೋ ಜಾಸ್ತಿ ಬೇಕಿತ್ತು, ವಾಟರ್ಸ್‌ಗೆ ಕಡಿಮೆ ಬೇಕಿತ್ತು, ಅದಕ್ಕೇ ಹೊರಗಿನ ನಿರ್ಮಾಪಕರಾದ ಕ್ರಿಸ್ ಥಾಮಸ್‌ರನ್ನು ಕರೆಸಿದ್ದು ಅಂತ ಗಿಲ್ಮೋರ್ ಹೇಳುತ್ತಾರೆ. ಆ ಥಾಮಸ್‌ರನ್ನೇ ಕೇಳಿದರೆ, ಇಬ್ಬರ ನಡುವೆ ಭಿನ್ನಾಭಿಪ್ರಾಯವೇ ಇರಲಿಲ್ಲ, ಎಕೋ ಕಡಿಮೆ ಮಾಡಿ ಅಂತ ವಾಟರ್ಸ್ ಹೇಳಿದ ನೆನಪೇ ಇಲ್ಲ ಅಂದರು! ಪಂಚಾಯ್ತಿಗೆ ಬಂದವರೇ ಜಗಳ ನೋಡಿಲ್ಲ ಅಂದರೆ ಏನು ಹೇಳೋದು. ನನಗೆ ಅನ್ನಿಸೋದು ಇಷ್ಟು: 1980ರ ದಶಕದಲ್ಲಿ ಇವರು ನಿಜಕ್ಕೂ ಕಿತ್ತಾಡಿಕೊಂಡರಲ್ಲ, ಆ ಬಿಸಿ ಹಿಂದಕ್ಕೂ ಹರಿದಿದೆ. ಆಲ್ಬಂನ ಮೊದಲ ತುಣುಕು 'ಸ್ಪೀಕ್ ಟು ಮಿ' ಮೇಸನ್ ಬರೆದದ್ದು ಅಂತ ಅವರ ಹೆಸರಲ್ಲಿದೆ. ಅದು ತಾನು ಕೊಟ್ಟ ಉಡುಗೊರೆ ಅಂತ ವಾಟರ್ಸ್ ಆಮೇಲೆ ಹೇಳಿದ್ದೂ ಅದೇ ಬಿಸಿಯಲ್ಲಿ.

ಮಿಶ್ರಛಾಪು

ಸ್ಪೂಲ್ ಸಾರ್, ಏಳು ಎಣಿಕೆ ಅಂದಿರಲ್ಲ, ನಾನು ಅದನ್ನು 'ತಕಿಟ ತಕಧಿಮಿ' ಅಂತ ತೊಡೆ ತಟ್ಟಿಯೇ ಕೇಳೋದು. ಸ್ಯಾಕ್ಸೊಫೋನ್ ಸೋಲೋ ಏಳರಲ್ಲೇ ಹೋಗುತ್ತದೆ. ಗಿಟಾರ್ ಬಂದ ತಕ್ಷಣ ನಾಲ್ಕು! ತನಗೆ ನುಡಿಸೋಕೆ ಸುಲಭ ಆಗಲಿ ಅಂತ ಹಾಗೆ ಮಾಡಿಕೊಂಡೆವು, ಪಾಪ ಸ್ಯಾಕ್ಸ್‌ನವರಿಗೆ ಏಳೇ ಉಳಿಯಿತು ಅಂತ ಗಿಲ್ಮೋರ್ ನಗುತ್ತಾ ಒಪ್ಪಿಕೊಂಡಿದ್ದಾರೆ. ನುಡಿಸಿದ್ದು ಡಿಕ್ ಪ್ಯಾರಿ.

ಕೀಬೋರ್ಡ್ ನುಡಿಸಿದ ರಿಚರ್ಡ್ ರೈಟ್ ಮಾತು ಯಾರೂ ಎತ್ತೋದಿಲ್ಲ ಅಂತ ನನಗೆ ಬೇಜಾರು. 'ಬ್ರೀದ್' ಹಾಡಿನ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಆಲ್ಬಂನಿಂದ ಬಂದದ್ದು ಅಂತ ಪಿಯಾನೋ ಮುಂದೆ ಕೂತು ನುಡಿಸಿಯೇ ತೋರಿಸಿದ್ದಾರೆ. 'ಅಸ್ ಅಂಡ್ ದೆಮ್' ರಾಗವಂತೂ ಮೊದಲು ಇಟಲಿಯ ನಿರ್ದೇಶಕ ಆಂಟೋನಿಯೋನಿ ಸಿನಿಮಾಕ್ಕೆ ಮಾಡಿದ್ದು. ಅವರು ಬೇಡ ಅಂದರು, ಇಲ್ಲಿ ಕೆಲಸಕ್ಕೆ ಬಂತು. ರೈಟ್ 2008ರಲ್ಲಿ ತೀರಿಕೊಂಡರು. ಈಗ ನಡೀತಿರೋ ವಾದದಲ್ಲಿ ಅವರ ಪಾಲಿನ ಮಾತಾಡೋರೇ ಇಲ್ಲ.

ಕೋರಮಂಗಲ_ಕಾವೇರಿ

ನಾಲ್ಕು ಗಂಡಸರ ಪಾಲು ಲೆಕ್ಕ ಹಾಕುತ್ತಾ ಕೂತಿದ್ದೀರಿ, ಕ್ಲೇರ್ ಟೋರಿ ನೆನಪಾಗಲೇ ಇಲ್ವಾ? 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ನಲ್ಲಿ ಪದವೇ ಇಲ್ಲದೆ ಹಾಡಿದವರು. 1973ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಗೆ ಬಂದರು. ಶುರುವಿನಲ್ಲಿ 'ಬೇಬಿ ಬೇಬಿ' ಅಂತ ಏನೋ ಹಾಡಿದರಂತೆ, ಪದ ಬೇಡ ಅಂದರು. ಸರಿ, ನಾನೇ ಒಂದು ವಾದ್ಯ ಅಂದುಕೊಂಡು ಹಾಡಿದೆ ಅಂತ ಆಕೆ ಆಮೇಲೆ ನೆನಪಿಸಿಕೊಂಡಿದ್ದಾರೆ. ಸಂಬಳ 30 ಪೌಂಡ್. ಇದನ್ನು ಬಳಸೋದಿಲ್ಲ ಅಂದುಕೊಂಡೇ ಮನೆಗೆ ಹೋಗಿದ್ದರು. ಆ ಹಾಡು ಕಟ್ಟಿದ್ದರಲ್ಲಿ ತನ್ನ ಪಾಲೂ ಇದೆ ಅಂತ 2004ರಲ್ಲಿ ಕೇಸು ಹಾಕಿದರು, 2005ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು. ಆಮೇಲಿನ ಪ್ರತಿಗಳಲ್ಲಿ ರೈಟ್ ಜೊತೆ ಆಕೆಯ ಹೆಸರೂ ಇದೆ. ನೆನಪು ಬರೀ ಹರಟೆ ಅಲ್ಲ ಸಾರ್, ಅದರ ಹಿಂದೆ ರಾಯಲ್ಟಿ ಇದೆ.

ಹಳೇ_ಸ್ಪೂಲ್

ಕಾವೇರಿಯವರೇ, ಸರಿಯಾಗಿ ಹೇಳಿದಿರಿ. ಎಂಜಿನಿಯರ್ ಆಲನ್ ಪಾರ್ಸನ್ಸ್ ಹೆಸರನ್ನೂ ಸೇರಿಸಿ. 'ಟೈಮ್' ಶುರುವಿನ ಗಡಿಯಾರಗಳು ಅವರು ಹಳೇ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದಾಗಿ ರೆಕಾರ್ಡ್ ಮಾಡಿಕೊಂಡು ಬಂದದ್ದು. ಅದೂ ಈ ಆಲ್ಬಂಗೆ ಅಂತ ಅಲ್ಲ, ನಾಲ್ಕು ಸ್ಪೀಕರಿನ ಸದ್ದು ಹೇಗಿರುತ್ತೆ ಅಂತ ತೋರಿಸೋಕೆ.

ಗೋಡೆ_ಗಡಿಯಾರ

ಥಾಮಸ್ ವಿಷಯ ನನಗೆ ಹೊಸದು, ಥ್ಯಾಂಕ್ಸ್ ಸಾರ್. ನಮ್ಮ ಮಾವ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಾಟರ್ಸ್ ಕಛೇರಿ ನೋಡಿದವರು. ಅವತ್ತಿನಿಂದ ಅವರಿಗೆ ಎಲ್ಲವೂ ವಾಟರ್ಸ್‌ದೇ. ಭಾನುವಾರ ಊಟಕ್ಕೆ ಬರುತ್ತಾರೆ, ಕ್ಲೇರ್ ಟೋರಿ ಕೇಸನ್ನು ಅವರ ಮುಂದೆ ಇಡುತ್ತೇನೆ.