ಬ್ಯಾನ್ಫ್‌ನಿಂದ ಒಂದು ದಿನದ ಟೂರ್: ಲೇಕ್‌ಗಳೋ, ಗ್ಲೇಸಿಯರೋ, ಎರಡೂನೋ?

ಕೇಳಿದವರು:

ನಮಸ್ಕಾರ. ನಾವು ಟೊರಾಂಟೊದಲ್ಲಿದ್ದೇವೆ. ಜುಲೈನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅವರನ್ನೂ 7 ವರ್ಷದ ಮಗಳನ್ನೂ ಕರೆದುಕೊಂಡು ಮೂರು ದಿನಕ್ಕೆ ರಾಕಿ ಪರ್ವತಗಳ ನಡುವಿನ ಬ್ಯಾನ್ಫ್ ಊರಿಗೆ ಹೋಗಬೇಕು ಅಂತಿದೆ. ಅಪ್ಪನಿಗೆ 68, ಮೊಣಕಾಲು ನೋವು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲು, ಏರು ಕಷ್ಟ. ಬೆಟ್ಟದ ರಸ್ತೆಯಲ್ಲಿ ಕಾರ್ ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಒಂದು ದಿನ ಗೈಡ್ ಇರುವ ಬಸ್ ಟೂರ್ ತೆಗೆದುಕೊಳ್ಳೋಣ ಅಂತ.

ಮೂರು ಥರದ ಟೂರ್ ಸಿಕ್ಕಿವೆ. ಒಂದರಲ್ಲಿ ಲೇಕ್ ಲೂಯಿಸ್, ಮೊರೇನ್ ಲೇಕ್, ಎಮರಾಲ್ಡ್ ಲೇಕ್. ಇನ್ನೊಂದರಲ್ಲಿ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನುವ ಬೆಟ್ಟದ ಹೆದ್ದಾರಿ ಹಿಡಿದು ಬೋ ಲೇಕ್, ಪೇಟೋ ಲೇಕ್, ಕೊನೆಗೆ ಅಥಬಾಸ್ಕಾ ಗ್ಲೇಸಿಯರ್, ಅಂದರೆ ಹಿಮನದಿ. ಮೂರನೆಯದರಲ್ಲಿ ಇವೆಲ್ಲ ಒಂದೇ ದಿನಕ್ಕೆ. ದುಡ್ಡಿನ ಲೆಕ್ಕದಲ್ಲಿ ಮೂರನೆಯದೇ ಲಾಭ ಅನ್ನಿಸುತ್ತಿದೆ. ಹೋಗಿ ಬಂದವರು ಏನಂತೀರಿ?

ಮೂರನೆಯದನ್ನೇ ಮಾಡಿ ಬಂದವರು:

ಮೇಡಂ, ಬೇಡ. ನಾನೂ ಅದೇ ಲಾಭದ ಲೆಕ್ಕ ಹಾಕಿದವನು.

ದಾರಿ ನೋಡಿ. ಬ್ಯಾನ್ಫ್ ಊರಿನಿಂದ ಲೇಕ್ ಲೂಯಿಸ್‌ಗೆ 57 ಕಿ.ಮೀ. ಅಲ್ಲಿಂದ ಗ್ಲೇಸಿಯರ್‌ಗೆ ಇನ್ನೂ 130 ಕಿ.ಮೀ. ಹತ್ತಿರ. ಹೋಗಿ ಬರೋದು ಸೇರಿದರೆ ಬಸ್ಸಿನಲ್ಲೇ ಐದು ಗಂಟೆ. ಇದು ಎರಡನೇ ಟೂರ್‌ನ ಲೆಕ್ಕ. ಎಮರಾಲ್ಡ್ ಲೇಕ್ ಇರುವುದು ಬೇರೆ ದಿಕ್ಕಿಗೆ, ಪಶ್ಚಿಮಕ್ಕೆ, ಬ್ರಿಟಿಷ್ ಕೊಲಂಬಿಯಾದ ಯೋಹೋ ಪಾರ್ಕ್‌ನಲ್ಲಿ. ಗ್ಲೇಸಿಯರ್ ಇರುವುದು ಉತ್ತರಕ್ಕೆ. ಎರಡನ್ನೂ ಒಂದೇ ದಿನ ಮುಗಿಸಬೇಕು ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕು. ನಮಗೆ ಬಿದ್ದದ್ದು ಮೊರೇನ್ ಲೇಕ್‌ನಲ್ಲಿ. 35 ನಿಮಿಷ ಕೊಟ್ಟರು. ಅದರಲ್ಲಿ 15 ನಿಮಿಷ ಟಾಯ್ಲೆಟ್ ಕ್ಯೂನಲ್ಲೇ ಹೋಯಿತು. ನನ್ನ ಹೆಂಡತಿ ಕ್ಯೂನಿಂದ ಹೊರಗೆ ಬಂದು ಲೇಕ್ ಕಡೆ ನೋಡಿ "ಅಯ್ಯೋ, ಎಷ್ಟು ಚೆನ್ನಾಗಿದೆ" ಅನ್ನುವಷ್ಟರಲ್ಲಿ ಗೈಡ್ ಕೈ ಬೀಸಿ ಕರೆಯುತ್ತಿದ್ದರು. ಅವತ್ತಿನ ನಮ್ಮ ಫೋಟೋಗಳಲ್ಲಿ ಅರ್ಧಕ್ಕರ್ಧ ಬಸ್ಸಿನ ಕಿಟಕಿ ಗಾಜೇ ಕಾಣುತ್ತದೆ.

ಟೂರ್ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಅಂತ ಎಣಿಸಬೇಡಿ. ಒಂದೊಂದು ಕಡೆ ಬಸ್ಸಿನಿಂದ ಇಳಿದು ಎಷ್ಟು ಹೊತ್ತು ಅಂತ ಬರೆದು ಕೇಳಿ. ಕೆಲವು ಕಡೆ ಇಳಿಸುವುದೇ ಇಲ್ಲ, ಕಿಟಕಿಯಿಂದ ತೋರಿಸಿ ಮುಂದೆ ಹೋಗುತ್ತಾರೆ. ಅದೂ ಪಟ್ಟಿಯಲ್ಲಿ ಒಂದು ಹೆಸರು!

ಕ್ಯಾಲ್ಗರಿಯಲ್ಲಿ ಇರುವವರು:

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು, ಟೂರ್ ಕ್ಯಾಲ್ಗರಿಯಿಂದ ಹೊರಡುತ್ತದೋ ಬ್ಯಾನ್ಫ್‌ನಿಂದಲೋ ನೋಡಿಕೊಳ್ಳಿ. ಕ್ಯಾಲ್ಗರಿಯಿಂದ ಆದರೆ ಹೋಗುತ್ತಾ 130 ಕಿ.ಮೀ., ಬರುತ್ತಾ 130 ಕಿ.ಮೀ. ಜಾಸ್ತಿ. ನಿಮ್ಮ ಅಪ್ಪನಿಗೆ ಅದು ಆಗದ ಮಾತು.

ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ನಾನು ಹೇಳುವುದು ಇದು. ಗೈಡ್ ಟೂರ್ ದುಡ್ಡನ್ನು ಗ್ಲೇಸಿಯರ್ ದಾರಿಗೆ ಹಾಕಿ. ಲೇಕ್ ಲೂಯಿಸ್, ಮೊರೇನ್ ಎರಡನ್ನೂ ಇನ್ನೊಂದು ದಿನ ಪಾರ್ಕ್ಸ್ ಕೆನಡಾದ (ನ್ಯಾಷನಲ್ ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಷಟಲ್ ಬಸ್ಸಿನಲ್ಲಿ ನೀವೇ ನೋಡಿ. 2023ರಿಂದ ಮೊರೇನ್ ಲೇಕ್ ರಸ್ತೆಗೆ ಖಾಸಗಿ ಕಾರ್ ಬಿಡುವುದಿಲ್ಲ, ಹಾಗಾಗಿ ಕಾರ್ ಇದ್ದವರಿಗೂ ಷಟಲ್, ಬಸ್, ಟೂರ್ ಇಷ್ಟೇ ದಾರಿ. ನೀವು ಕಾರ್ ಓಡಿಸದೇ ಇರುವುದರಿಂದ ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಷಟಲ್‌ನಲ್ಲಿ ಹೋದರೆ ಯಾರೂ ಕೈ ಬೀಸಿ ಕರೆಯುವುದಿಲ್ಲ. ಮಗಳು ನೀರಿಗೆ ಕಲ್ಲು ಎಸೆಯುತ್ತಾ ಒಂದು ಗಂಟೆ ಕೂತರೂ ಆಯ್ತು. ಲೇಕ್ ಲೂಯಿಸ್ ದಂಡೆಯ ದಾರಿ ಪೂರ್ತಿ ಸಮತಟ್ಟು. ಅಪ್ಪ ಎಷ್ಟು ದೂರ ಬೇಕೋ ಅಷ್ಟು ನಡೆದು ವಾಪಸ್ ಬರಬಹುದು. ಮೊರೇನ್‌ನಲ್ಲಿ ರಾಕ್‌ಪೈಲ್ ಅಂತ ಒಂದು ಕಲ್ಲುಗುಡ್ಡ ಇದೆ. ಹತ್ತು ಶಿಖರ ಸಾಲಾಗಿ ನಿಂತಿರುವ ಆ ಪ್ರಸಿದ್ಧ ನೋಟ, ಹಳೆಯ 20 ಡಾಲರ್ ನೋಟಿನ ಹಿಂದೆ ಇದ್ದದ್ದು, ಅದರ ಮೇಲಿನಿಂದ ಕಾಣುವುದು. ಹತ್ತಲು ಮೆಟ್ಟಿಲಿವೆ. ದೊಡ್ಡದೇನಲ್ಲ, ಆದರೆ ಅವರ ಮೊಣಕಾಲಿಗೆ ಬೇಡ. ನೀವಿಬ್ಬರು ಹತ್ತಿ ಬನ್ನಿ, ಅವರು ಕೆಳಗೆ ನೀರಿನ ಪಕ್ಕ ಕೂರಲಿ. ಅಲ್ಲೂ ನೋಟಕ್ಕೇನೂ ಕಡಿಮೆಯಿಲ್ಲ.

ಗ್ಲೇಸಿಯರ್ ದಾರಿಗೆ ಟೂರ್ ಯಾಕೆ ಅಂದರೆ ಪೇಟೋ ಲೇಕ್. ಅದನ್ನು ನೋಡುವ ಕಟ್ಟೆ ಇರುವುದು ಎತ್ತರದಲ್ಲಿ. ಸ್ವಂತ ಕಾರಿನವರು ಕೆಳಗೆ ನಿಲ್ಲಿಸಿ ಅರ್ಧ ಕಿ.ಮೀ.ಗಿಂತ ಜಾಸ್ತಿ ಏರು ಹತ್ತಬೇಕು. ಟೂರ್ ಬಸ್‌ಗಳಿಗೆ ಮೇಲೆಯೇ ಬೇರೆ ಪಾರ್ಕಿಂಗ್ ಇದೆ. ಮೊಣಕಾಲು ನೋವಿನವರಿಗೆ ಬಸ್ಸೇ ದೇವರು!

ಅತ್ತೆ ಮಾವನ ಜೊತೆ ಹೋದವರು:

ಗ್ಲೇಸಿಯರ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಒಂದು ಎಚ್ಚರಿಕೆ. ಟೂರ್ ಹೆಸರಲ್ಲಿ "ಗ್ಲೇಸಿಯರ್" ಇದ್ದ ಮಾತ್ರಕ್ಕೆ ಮಂಜಿನ ಮೇಲೆ ಕರೆದುಕೊಂಡು ಹೋಗುತ್ತಾರೆ ಅಂತ ಅಲ್ಲ. ಕೆಲವರು ರಸ್ತೆಯ ಈಚೆಯಿಂದ ತೋರಿಸಿ ವಾಪಸ್ ತಿರುಗಿಸುತ್ತಾರೆ. ಮಂಜಿನ ಮೇಲೆ ಹೋಗುವ ಐಸ್ ಎಕ್ಸ್‌ಪ್ಲೋರರ್ ಅನ್ನುವ ಗಾಡಿಯ ಟಿಕೆಟ್ ಸೇರಿದೆಯಾ, ಬೇರೆ ಕೊಳ್ಳಬೇಕಾ ಅಂತ ಕೇಳಿ. ನಮಗೆ ಇದು ಗೊತ್ತಾದದ್ದು ಬಸ್ ಹತ್ತಿದ ಮೇಲೆ.

ಆ ಗಾಡಿ ನೋಡಬೇಕು. ಚಕ್ರ ನಿಮ್ಮ ಮಗಳಿಗಿಂತ ಎತ್ತರ. ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಹಿಡಿದುಕೊಳ್ಳಲು ಕಂಬಿ ಇದೆ. ಮಾವ ನಿಧಾನವಾಗಿ ಹತ್ತಿದರು, ಯಾರೂ ಅವಸರ ಮಾಡಲಿಲ್ಲ. ಕಡಿದಾದ ಒಂದು ಇಳಿಜಾರು ಬರುತ್ತದೆ, ಅತ್ತೆ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡರು. ಮಂಜಿಗೆ ಇಳಿಯುವ ಮುಂಚೆ ಗಾಡಿ ಒಂದು ನೀರಿನ ಗುಂಡಿಯಲ್ಲಿ ಹಾದು ಹೋಗುತ್ತದೆ. ಚಕ್ರದ ಮಣ್ಣು ತೊಳೆಯಲಿಕ್ಕೆ. ಮಣ್ಣು ಮಂಜಿನ ಮೇಲೆ ಬಿದ್ದರೆ ಬಿಸಿಲು ಹೀರಿ ಮಂಜು ಬೇಗ ಕರಗುತ್ತದಂತೆ. ಮಾವ ಇಡೀ ಟ್ರಿಪ್‌ನಲ್ಲಿ ಜ್ಞಾಪಕ ಇಟ್ಟುಕೊಂಡದ್ದು ಇದೊಂದನ್ನೇ. ಈಗಲೂ ಮನೆಗೆ ಯಾರಾದರೂ ಬಂದರೆ "ಕಾಲು ತೊಳೆದು ಒಳಗೆ ಹೋಗುವ ಹಾಗೆ" ಅಂತ ಹೇಳುತ್ತಾರೆ.

ಮೇಲೆ ಇಳಿದು ಇರಲು ಸಿಗುವುದು ಅರ್ಧ ಗಂಟೆಯೊಳಗೆ. ಗುರುತು ಮಾಡಿದ ಜಾಗದಲ್ಲಷ್ಟೇ ಓಡಾಡಬೇಕು. ಸಾಕು, ಯಾಕೆಂದರೆ ಚಳಿ. ಬ್ಯಾನ್ಫ್‌ನಲ್ಲಿ ನಾವು ಅರ್ಧ ತೋಳಿನ ಅಂಗಿಯಲ್ಲಿ ಬೆವರುತ್ತಿದ್ದೆವು, ಇಲ್ಲಿ ಗ್ಲೇಸಿಯರ್ ಮೇಲಿನಿಂದ ಬೀಸುವ ಗಾಳಿ ಕಿವಿ ಕೊರೆಯುತ್ತಿತ್ತು. ಜುಲೈ ಅಂತ ಮೋಸ ಹೋಗಬೇಡಿ. ಟೋಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್ ಕೈಚೀಲದಲ್ಲಿ ಇರಲಿ. ಕಪ್ಪು ಕನ್ನಡಕ ಮರೆತರೆ ಕಣ್ಣು ಬಿಡಲಿಕ್ಕೇ ಆಗಲ್ಲ. ಅತ್ತೆ ಸೀರೆ ಕೆಳಗೆ ಥರ್ಮಲ್ ಪ್ಯಾಂಟ್, ಮೇಲೆ ನನ್ನ ಗಂಡನ ಜಾಕೆಟ್ ಹಾಕಿಕೊಂಡಿದ್ದರು. ಕಾಲಿಗೆ ಮಾತ್ರ ಸ್ಯಾಂಡಲ್. ನೀರು ನುಗ್ಗಿ ಬೆರಳು ಮರಗಟ್ಟಿತು. ಶೂ ಹಾಕಿಸಿ.

ದುಡ್ಡು ದಂಡ ಅನ್ನಿಸಿದವರು:

ಎಲ್ಲರೂ ಹೊಗಳುವಾಗ ಒಂದು ಅಪಸ್ವರ ಇರಲಿ. ಆ ದೊಡ್ಡ ಗಾಡಿಯಲ್ಲಿ ಹೋಗಿ, ಸಾಲಾಗಿ ಇಳಿದು, ಸೆಲ್ಫಿ ತೆಗೆದು, ಸಾಲಾಗಿ ಹತ್ತಿ ಬರುವುದು ನನಗೆ ಜಾತ್ರೆಯ ರಂಕುಲ ರಾಟೆ ಥರ ಅನ್ನಿಸಿತು.

ನನಗೆ ನಾಟಿದ್ದು ಕೆಳಗಿನ ಕಾಲುದಾರಿ. ಹಿಂದೆ ಯಾವ ವರ್ಷ ಗ್ಲೇಸಿಯರ್ ಎಲ್ಲಿಯವರೆಗೆ ಇತ್ತು ಅಂತ ಅಲ್ಲಿ ಫಲಕ ನಿಲ್ಲಿಸಿದ್ದಾರೆ. 1992 ಅಂತ ಬರೆದ ಫಲಕದ ಹತ್ತಿರ ನಿಂತೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ. ಅಲ್ಲಿಂದ ಮಂಜು ಎಲ್ಲಿದೆ ಅಂತ ಕಣ್ಣು ಹಾಯಿಸಿದರೆ ಬರೀ ಜಲ್ಲಿ, ಬೂದು ನೀರು, ಅದರಾಚೆ ಎಲ್ಲೋ ಮಂಜು. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಈಚೆಗೆ 1.5 ಕಿ.ಮೀ.ಗಿಂತ ಜಾಸ್ತಿ ಹಿಂದೆ ಸರಿದಿದೆ. ಓದಿದರೆ ಅದೊಂದು ಅಂಕಿ. ನಡೆದರೆ ಉಸಿರು ಕಟ್ಟುತ್ತದೆ.

ಆದರೆ ಟೂರ್‌ನವರು ಈ ದಾರಿಗೆ ಟೈಮ್ ಕೊಡುವುದು ಕಡಿಮೆ. ಕೊಟ್ಟರೆ ಹೋಗಿ. ಹಗ್ಗ ಕಟ್ಟಿದ ಕಡೆಯಿಂದ ಒಂದು ಹೆಜ್ಜೆಯೂ ಮುಂದೆ ಬೇಡ. ಮಂಜಿನ ಬಿರುಕುಗಳ ಮೇಲೆ ತೆಳ್ಳಗೆ ಹಿಮ ಮುಚ್ಚಿರುತ್ತದೆ, ಗಟ್ಟಿ ನೆಲದ ಹಾಗೇ ಕಾಣುತ್ತದೆ. ಅಲ್ಲಿ ಬಿದ್ದು ಸತ್ತವರಿದ್ದಾರೆ, ಮಕ್ಕಳೂ ಸೇರಿ.

ಅತ್ತೆ ಮಾವನ ಜೊತೆ ಹೋದವರು:

ಸರ್, ನಿಮ್ಮ ಮಾತು ಒಪ್ಪಿದೆ. ಆದರೆ ಆ ಕಾಲುದಾರಿ ಕೊನೆಕೊನೆಗೆ ಏರು. ಮೊಣಕಾಲು ನೋವಿರುವ 68 ವರ್ಷದವರು ಗ್ಲೇಸಿಯರ್ ಮುಟ್ಟಬೇಕು ಅಂದರೆ ನಿಮ್ಮ ರಂಕುಲ ರಾಟೆಯೇ ಗತಿ.

ದುಡ್ಡು ದಂಡ ಅನ್ನಿಸಿದವರು:

ಅದು ಹೌದು. ಹಿಂದೆ ತೆಗೆದುಕೊಂಡೆ.

ಇಬ್ಬರು ಮಕ್ಕಳ ಅಮ್ಮ:

ಮಗಳಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದಾ? ಆಗುವುದಾದರೆ ಮುಂದಿನ ಸೀಟು ಕೇಳಿ, ಬೆಳಗ್ಗೆ ಹಾಲು ಕುಡಿಸಬೇಡಿ. ಪಾರ್ಕ್‌ವೇನಲ್ಲಿ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ, ಕಾರ್ಟೂನ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ದಾರಿಯಲ್ಲಿ ಊಟ ಸಿಗುವ ಜಾಗ ಬೆರಳೆಣಿಕೆ, ಸಸ್ಯಾಹಾರ ಅಂದರೆ ಇನ್ನೂ ಕಷ್ಟ. ಬುತ್ತಿ ಕಟ್ಟಿಕೊಂಡು ಹೋಗಿ. ಅಳಿಲು ಹತ್ತಿರ ಬಂದು ಕೈ ಚಾಚಿದ ಹಾಗೆ ನಿಲ್ಲುತ್ತದೆ. ಮಗಳು ಚಿಪ್ಸ್ ಕೊಡಲಿಕ್ಕೆ ಹೋದರೆ ತಡೆಯಿರಿ. ನ್ಯಾಷನಲ್ ಪಾರ್ಕ್‌ನಲ್ಲಿ ಪ್ರಾಣಿಗಳಿಗೆ ತಿನ್ನಿಸುವುದು ಅಪರಾಧ, ದಂಡ 25,000 ಡಾಲರ್‌ವರೆಗೂ ಹೋಗುತ್ತದೆ.

ಒಳ್ಳೆಯ ಗೈಡ್ ಸಿಕ್ಕಿದವರು:

ಟೂರ್ ಅಂದರೆ ಬರೀ ಬಸ್ ಅಲ್ಲ, ಗೈಡ್ ಕೂಡ. ನಮ್ಮ ಗೈಡ್ ಬೋ ಲೇಕ್ ಹತ್ತಿರ ಇಳಿಸಿ, ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಎತ್ತಿ ಹಿಡಿದರು. ಲೇಕ್ ನೋಡಿದರೆ ನವಿಲಿನ ಕತ್ತಿನ ಬಣ್ಣ, ಲೋಟದ ನೀರಿಗೆ ಬಣ್ಣವೇ ಇಲ್ಲ! ಆಮೇಲೆ ಎದುರಿನ ಬೆಟ್ಟ ತೋರಿಸಿದರು. ಗ್ಲೇಸಿಯರ್ ಬೀಸುಕಲ್ಲಿನ ಹಾಗೆ ಬಂಡೆಯನ್ನು ಅರೆಯುತ್ತದೆ. ಆ ಕಲ್ಲಿನ ಹಿಟ್ಟು ಎಷ್ಟು ನಯ ಅಂದರೆ ನೀರಿನಲ್ಲಿ ತಳಕ್ಕೆ ಕೂರದೆ ತೇಲುತ್ತಿರುತ್ತದೆ. ಬಿಸಿಲು ಬಿದ್ದಾಗ ಅದು ನೀಲಿ ಹಸಿರು ಬೆಳಕನ್ನು ಚದುರಿಸುತ್ತದೆ. ನಮಗೆ ಕಾಣುವುದು ಆ ಬಣ್ಣ. ಬೇಸಿಗೆಯಲ್ಲಿ ಗ್ಲೇಸಿಯರ್ ಕರಗಿ ಹಿಟ್ಟು ಹರಿದು ಬಂದ ಮೇಲೇ ಬಣ್ಣ ಏರುವುದು. ನೀವು ಜುಲೈನಲ್ಲಿ ಹೋಗುತ್ತಿರುವುದು ಒಳ್ಳೆಯದೇ ಆಯ್ತು. ಜೂನ್ ಮೊದಲಲ್ಲಿ ಹೋಗಿದ್ದ ನನ್ನ ತಮ್ಮ ಲೇಕ್ ಲೂಯಿಸ್‌ನಲ್ಲಿ ನೋಡಿದ್ದು ಬರೀ ಮಂಜುಗಡ್ಡೆ.

ಅದೇ ದಾರಿಯಲ್ಲಿ ಕ್ರೋಫೂಟ್ ಗ್ಲೇಸಿಯರ್ ತೋರಿಸಿದರು. ಕಾಗೆಯ ಕಾಲಿನ ಮೂರು ಬೆರಳಿನ ಹಾಗೆ ಇತ್ತಂತೆ, ಅದಕ್ಕೇ ಆ ಹೆಸರು. ಈಗ ಬೆರಳು ಎರಡೇ. ಕಾರಿನಲ್ಲಿ ಹೋಗಿದ್ದರೆ ನಾನು ಅದನ್ನು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಕೊನೆಯಲ್ಲಿ ಗೈಡ್‌ಗೂ ಡ್ರೈವರ್‌ಗೂ ಟಿಪ್ ಕೊಡುವುದು ಅಲ್ಲಿನ ರೂಢಿ, ನಗದು ಇಟ್ಟುಕೊಳ್ಳಿ.

ಹೊಗೆಯಲ್ಲಿ ಸಿಕ್ಕಿದವರು:

ನಮ್ಮದು ಬೇರೆ ಕಥೆ. ಕಾಡ್ಗಿಚ್ಚಿನ ಹೊಗೆ. ಪೇಟೋ ಲೇಕ್ ಕಟ್ಟೆಯಲ್ಲಿ ನಿಂತರೆ ಲೇಕ್ ಇರಲಿ, ಎದುರಿನ ಬೆಟ್ಟವೇ ಇಲ್ಲ. ತೋಳದ ತಲೆಯ ಆಕಾರದ ಲೇಕ್ ಅಂತ ಓದಿಕೊಂಡು ಹೋಗಿದ್ದೆವು, ಕಂಡದ್ದು ಬೂದಿ ಬಣ್ಣದ ಗೋಡೆ. ಟೂರ್ ಕಂಪನಿಯವರು "ಬಸ್ ಹೋಗುತ್ತದೆ, ಹಾಗಾಗಿ ದುಡ್ಡು ವಾಪಸ್ ಇಲ್ಲ" ಅಂದುಬಿಟ್ಟರು. 2024ರ ಜುಲೈನಲ್ಲಿ ಪಾರ್ಕ್‌ವೇಯ ಉತ್ತರ ತುದಿಯ ಜಾಸ್ಪರ್ ಊರಿಗೇ ಬೆಂಕಿ ಬಂದು ಎಲ್ಲರನ್ನೂ ಖಾಲಿ ಮಾಡಿಸಿದ್ದು ನೆನಪಿದೆಯಲ್ಲ? ಹೊಗೆ ಬಂದರೆ, ರಸ್ತೆ ಮುಚ್ಚಿದರೆ ಏನು ಮಾಡುತ್ತೀರಿ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಸಾಧ್ಯವಾದರೆ ಟೂರ್ ಅನ್ನು ಮೊದಲ ದಿನವೇ ಇಟ್ಟುಕೊಳ್ಳಿ. ಕೆಟ್ಟರೆ ಇನ್ನೆರಡು ದಿನ ಕೈಯಲ್ಲಿರುತ್ತವೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರನೆಯದು ಕೈಬಿಟ್ಟೆ. ಗ್ಲೇಸಿಯರ್ ದಾರಿಯ ಟೂರ್‌ಗೆ ಇಬ್ಬರಿಗೆ ಮೇಲ್ ಹಾಕಿ ನಿಮಿಷದ ಲೆಕ್ಕ ಕೇಳಿದೆ. ಒಬ್ಬರು "ಅವತ್ತಿನ ಪರಿಸ್ಥಿತಿ ನೋಡಿ" ಅಂದರು. ಇನ್ನೊಬ್ಬರು ಪೇಟೋದಲ್ಲಿ 40 ನಿಮಿಷ, ಬಸ್ ಮೇಲಿನ ಪಾರ್ಕಿಂಗ್‌ನಲ್ಲಿ ನಿಲ್ಲುತ್ತದೆ, ಐಸ್ ಎಕ್ಸ್‌ಪ್ಲೋರರ್ ಟಿಕೆಟ್ ಸೇರಿದೆ, ರಸ್ತೆ ಮುಚ್ಚಿದರೆ ಪೂರ್ತಿ ದುಡ್ಡು ವಾಪಸ್ ಅಂತ ಬರೆದು ಕೊಟ್ಟರು. ಅವರದ್ದೇ ಬುಕ್ ಮಾಡಿದೆ, ಮೊದಲ ದಿನಕ್ಕೆ. ಅಪ್ಪ ಆಗಲೇ ಫೋನಿನಲ್ಲಿ "ಚಕ್ರ ಅಷ್ಟು ದೊಡ್ಡದಾ?" ಅಂತ ಎರಡು ಸಲ ಕೇಳಿದರು.

ಲೇಕ್‌ಗಳಿಗೆ ಎರಡನೇ ದಿನ ಷಟಲ್. ಅಲ್ಲಿ ನೋಡಿದರೆ ಸೀಟೆಲ್ಲ ಬುಕ್ ಆಗಿಹೋಗಿವೆ ಅಂತ ತೋರಿಸುತ್ತಿದೆ. ಈಗೇನು ಮಾಡುವುದು?

ಕ್ಯಾಲ್ಗರಿಯಲ್ಲಿ ಇರುವವರು:

ಗಾಬರಿ ಬೇಡ. ಅವರು ಏಪ್ರಿಲ್‌ನಲ್ಲಿ ಕೊಡುವುದು ಸ್ವಲ್ಪ ಭಾಗ ಮಾತ್ರ. ಉಳಿದದ್ದನ್ನು ಹೊರಡುವ ಎರಡು ದಿನ ಮುಂಚೆ ಬೆಳಗ್ಗೆ 8ಕ್ಕೆ ಬಿಡುತ್ತಾರೆ. ಅದು ಇಲ್ಲಿನ 8, ನಿಮ್ಮ ಟೊರಾಂಟೊದಲ್ಲಿ 10. ಐದು ನಿಮಿಷ ಮುಂಚೆಯೇ ಲಾಗಿನ್ ಆಗಿ ಕೂತಿರಿ, ಕಾರ್ಡ್ ಪಕ್ಕದಲ್ಲಿಟ್ಟುಕೊಳ್ಳಿ. ಬೆಳಗಿನ ಸೀಟು ಸಿಗದಿದ್ದರೆ ಮಧ್ಯಾಹ್ನದ್ದು ಹಿಡಿಯಿರಿ, ಜುಲೈನಲ್ಲಿ ರಾತ್ರಿ 9ರ ಮೇಲೂ ಬೆಳಕಿರುತ್ತದೆ.