ಪದ ಬೇಕು: ಹಳೇ ಜೀಪಿನ ಕಮಾನ್ ಪಾಟಾ ಸದ್ದಿಗೆ ಕನ್ನಡದಲ್ಲಿ ಏನನ್ನೋಣ?

ಬೆಳಗಾವಿಯಿಂದ:

ಎಲ್ಲರಿಗೂ ನಮಸ್ಕಾರ. ಈ ಪದಗಳು ನನಗೆ ನಾಳೆ ಬೆಳಿಗ್ಗೆ ಹತ್ತರೊಳಗೆ ಬೇಕು. ಪೇಂಟರ್ ಬರ್ತಾನೆ.

ಉದ್ಯಮಬಾಗದ ಹತ್ತಿರ ನನ್ನ ಗೆಳೆಯನ ಗ್ಯಾರೇಜು ಇದೆ. ಹಳೇ ಜೀಪುಗಳ ಕೆಲಸವೇ ಜಾಸ್ತಿ. ಮಹೀಂದ್ರಾ ಎಂಎಂ 540, ಮೇಜರ್, ಅದಕ್ಕೂ ಹಿಂದಿನ ಸಿಜೆ 3ಬಿ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯ ದಾರಿಯಲ್ಲಿ ಓಡಿ ಸವೆದ ಗಾಡಿಗಳು. ಕನ್ನಡ ಭಾಷಾ ಕಾನೂನಿಗೆ 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕಲ್ವಾ, ಹಾಗಾಗಿ ಹೊಸ ಬೋರ್ಡು. ಜೊತೆಗೆ ಒಳಗಿನ ಗೋಡೆಗೆ ಒಂದು ಹಾಳೆ: ಯಾವ ಸದ್ದು ಬಂದರೆ ಎಲ್ಲಿ ತೊಂದರೆ ಅಂತ. ಅದರ ಇಂಗ್ಲಿಷ್ ಪ್ರತಿ ಇದೆ, ಕನ್ನಡ ಮಾಡೋದು ನನ್ನ ಪಾಲಿಗೆ ಬಂದಿದೆ.

ಸಸ್ಪೆನ್ಷನ್, ಅಂದರೆ ಗಾಡಿಯ ಭಾರ ಹೊತ್ತು ದಾರಿಯ ಕುಲುಕು ತಡೆಯೋ ಭಾಗ, ಅದಕ್ಕೆ ಕಂಪ್ಯೂಟರ್ 'ಅಮಾನತು' ಅಂತ ಕೊಟ್ಟಿತು. ಅದು ನೌಕರರಿಗೆ ಬಳಸೋ ಪದ, ಬಿಟ್ಟೆ. 'ನಿಲಂಬನ' ಕೂಡ ಅದೇ ಕಥೆ, ಮೇಲಾಗಿ ಯಾರಿಗೂ ತಿಳಿಯೋದಿಲ್ಲ.

ನಿಜವಾದ ತೊಡಕು ಸದ್ದಿನದು. ಇಂಗ್ಲಿಷ್ ಹಾಳೆಯಲ್ಲಿ ಎರಡು ಬೇರೆ ಪದ ಇವೆ. ಒಂದು, ರೋಡ್ ಹಂಪ್ ಮೇಲೆ ಜೀಪು ನಿಧಾನ ಹತ್ತಿ ಇಳಿಯುವಾಗ ಬರೋ ಉದ್ದನೆಯ ಸದ್ದು. ಕಮಾನ್ ಪಾಟಾ ಅಂದರೆ ಲೀಫ್ ಸ್ಪ್ರಿಂಗ್, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು; ಆ ಪಾಟಾಗಳ ನಡುವೆ ತುಕ್ಕು ಹಿಡಿದು ಒಂದಕ್ಕೊಂದು ಉಜ್ಜುವಾಗ ಬರುತ್ತೆ. ಒಂದು ತಂಬಿಗೆ ನೀರು ಸುರಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ಹಾಗೆ ಸುಮ್ಮನಾದರೆ ತೊಂದರೆ ಅಲ್ಲೇ ಅಂತ ಗೊತ್ತಾಗುತ್ತೆ. ಇನ್ನೊಂದು, ಒಂದು ಗಾಲಿ ಗುಂಡಿಗೆ ಬಿದ್ದಾಗ ಬರೋ ಗಿಡ್ಡ, ಭಾರದ ಪೆಟ್ಟು. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತೆ. ಅದು ಬುಷ್ (ಪಾಟಾದ ತುದಿಯ ತೂತಿನೊಳಗೆ ಕೂರೋ ಕೊಳವೆ) ಸವೆದದ್ದು, ಇಲ್ಲಾ ಯು ಬೋಲ್ಟ್ (ಪಾಟಾವನ್ನ ಆಕ್ಸಲ್‌ಗೆ ಬಿಗಿಯೋ ಬೋಲ್ಟ್) ಸಡಿಲಾದದ್ದು.

ಎರಡಕ್ಕೂ 'ಸದ್ದು' ಅಂತ ಬರೆದರೆ ಹಾಳೆ ದಂಡ. ಗಿರಾಕಿ ಫೋನಿನಲ್ಲೇ ಇಂಥ ಸದ್ದು ಅಂತ ಹೇಳುವ ಹಾಗಿರಬೇಕು. ದಯವಿಟ್ಟು ಬೇಗ ತಿಳಿಸಿ.

ಬಾಗಲಕೋಟೆಯಿಂದ:

ಸಸ್ಪೆನ್ಷನ್: ತೂಗುಕಟ್ಟು. ಪಾಟಾ: ಬಿಲ್ಲುಪಟ್ಟಿ. ಮೊದಲ ಸದ್ದು: ಕಿರುಗುಟ್ಟು. ಎರಡನೆಯದು: ಕುಟ್ಟು. ಗ್ರೀಸ್ ಅಂತ ಬರೆಯೋ ಕಡೆ ಕೀಲೆಣ್ಣೆ ಅನ್ನಿ, ಚಕ್ಕಡಿ ಕಾಲದಿಂದ ನಮ್ಮಲ್ಲಿ ಇರೋ ಪದ.

ಪಾಟಾ ಮರಾಠಿ. ಕಮಾನ್ ಪಾರಸಿ. ಕನ್ನಡ ಬೋರ್ಡು ಬೇಕು ಅಂತ ಕಾನೂನು ಮಾಡಿಸಿಕೊಂಡು, ಅದರ ಮೇಲೆ ಮರಾಠಿ ಪದ ಬರೆಸೋದಾದರೆ ಬರೀ ಲಿಪಿ ಬದಲಾಯಿತು, ಅಷ್ಟೇ. ಅದೂ ಬೆಳಗಾವಿಯಲ್ಲಿ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ವಿಜಯಪುರದಿಂದ:

ಉಳಿದಿದೆ. ಕಮಾನ್ ಪಾರಸಿ ಅಂತ ತಳ್ಳಿಬಿಡೋರು ಒಮ್ಮೆ ನಮ್ಮೂರಿಗೆ ಬನ್ನಿ. ಎರಡನೇ ಅಲಿ ಆದಿಲ್ ಶಾಹನ ಗೋರಿ, 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿದೆ. ಅದನ್ನ ಊರಿನವರೆಲ್ಲ ಬಾರಾ ಕಮಾನ್ ಅಂತಾರೆ. ಅದರ ಮುಂದೆ ನಿಂತು 'ಹನ್ನೆರಡು ಬಿಲ್ಲು' ಅಂದರೆ ಯಾರಿಗೆ ಅರ್ಥ ಆಗುತ್ತೆ?

ಪಾರಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಬಿಲ್ಲಿನ ಹಾಗೆ ಬಾಗಿದ ಕಲ್ಲಿನ ಕಟ್ಟಡಕ್ಕೆ ಆ ಹೆಸರು ಬಂತು. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗೂ ಅದೇ ಹೆಸರು ಬಂತು. ಅರಮನೆ, ಮಸೀದಿ, ಲಾರಿ, ಜೀಪು ಎಲ್ಲದಕ್ಕೂ ಒಂದೇ ಬಾಗು. ಇಷ್ಟು ಚೆಂದವಾಗಿ ಹೊಂದಿಕೊಂಡ ಪದ ಸಿಗೋದು ಅಪರೂಪ. (ಕಾಮನಬಿಲ್ಲಿಗೂ ಇದಕ್ಕೂ ಗಂಟು ಹಾಕಬೇಡಿ. ಅಲ್ಲಿರೋನು ಮನ್ಮಥ. ಇದನ್ನ ಎಷ್ಟು ಸಲ ಹೇಳಬೇಕೋ.)

ಇನ್ನು ಪಾಟಾ. ಮೂಲ ಸಂಸ್ಕೃತದ ಪಟ್ಟ. ಮರಾಠಿಯಲ್ಲಿ ಒತ್ತಕ್ಷರ ಬಿಟ್ಟುಹೋಗಿ ಹಿಂದಿನ ಸ್ವರ ಉದ್ದ ಆಗುತ್ತೆ: ಹಸ್ತ ಹೋಗಿ ಹಾತ್, ಪಟ್ಟ ಹೋಗಿ ಪಾಟ್, ಪಾಟಾ. ಕನ್ನಡದಲ್ಲಿ ಒತ್ತು ಉಳೀತು, ಪಟ್ಟಿ, ಪಟ್ಟೆ ಆಯ್ತು. ಬಾಗಲಕೋಟೆಯವರು ಪಾಟಾ ತೆಗೆದು ಪಟ್ಟಿ ಹಾಕಿದ್ದಾರೆ. ಅಕ್ಕನನ್ನ ಹೊರಗೆ ಹಾಕಿ ತಂಗಿಯನ್ನ ಒಳಗೆ ಕರೆದ ಹಾಗಾಯಿತು. ಇದು ಯಾವ ಲೆಕ್ಕದ ಶುದ್ಧಿ?

ಬಾಗಲಕೋಟೆಯಿಂದ:

ಪಟ್ಟಿ ನಮ್ಮ ಬಾಯಲ್ಲಿ ಎಷ್ಟೋ ತಲೆಮಾರು ಪಳಗಿದೆ. ಪಾಟಾ ಪಳಗಿಲ್ಲ. ವ್ಯತ್ಯಾಸ ಅಷ್ಟೇ, ಅದು ಸಾಕು.

ಬೆಳಗಾವಿಯಿಂದ, ರಾತ್ರಿ:

ಇಬ್ಬರಿಗೂ ಉಪಕಾರ. ಸಂಜೆ ಗ್ಯಾರೇಜಿಗೆ ಹೋಗಿ ಕೂತೆ. ಒಂದು ಹಳೇ 540 ಕೆಲಸಕ್ಕೆ ಬಂದಿತ್ತು. ಮಿಸ್ತ್ರಿ ಕಾಕಾ ಕೆಳಗೆ ಮಲಗಿದ್ದರು. ಹುಡುಗ ಬಂಪರ್ ಮೇಲೆ ನಿಂತು ಕುಣೀತಿದ್ದ. ನನ್ನನ್ನೂ ಕೆಳಗೆ ಕರೆದು, ಪಾಟಾದ ತುದಿ ಮತ್ತು ಶಾಕಲ್ (ಅದನ್ನ ಚಾಸಿಗೆ ಸೇರಿಸೋ ಕೊಂಡಿ) ಸೇರೋ ಜಾಗದಲ್ಲಿ ಕೈ ಇಡೋಕೆ ಹೇಳಿದರು. ಕುಣಿದಾಗೆಲ್ಲ ಬೆರಳಿಗೆ ಒಂದು ಸಣ್ಣ ಪೆಟ್ಟು. ಆಮೇಲೆ ಹಾರೆ ಹಾಕಿ ಮೀಟಿದರು. ಬುಷ್ಷಿನ ರಬ್ಬರು ಕರಿ ಹುಡಿಯಾಗಿ ನನ್ನ ಅಂಗಿ ಮೇಲೆ ಉದುರಿತು.

"ಕಾಕಾ, ಈ ಸದ್ದಿಗೆ ಏನಂತೀರಿ?" ಅಂತ ಕೇಳಿದೆ.

"ಇದು ಗಡಕ್ ಅನ್ನೂದ್ರಿ ಸರ. ಪಾಟಾ ಒದರೂದು ಬ್ಯಾರೆ. ಒದರಿದ್ರ ಅಂಜೂದು ಬ್ಯಾಡ. ಗಡಕ್ ಅಂದ್ರ ಅವತ್ತ ನೋಡಬೇಕು."

ನನಗೆ ಬೇಕಾಗಿದ್ದ ಎರಡು ಪದ ಅಲ್ಲೇ ಇದ್ದವು. 'ಒದರು' ಅಂದರೆ ದಕ್ಷಿಣದ ಕೆಲವರು ಕೊಡವೋದು, ಝಾಡಿಸೋದು ಅಂತ ತಿಳೀಬಹುದು. ನಮ್ಮ ಕಡೆ ಕೂಗು ಹಾಕೋದು. ಹಾಳೆ ಓದೋರು ನಮ್ಮ ಕಡೆಯವರೇ. ಆದರೂ ಪಕ್ಕದಲ್ಲಿ 'ಕಿರುಗುಟ್ಟು' ಕೂಡ ಬರೀತೇನೆ, ಬಾಗಲಕೋಟೆಯವರು ಕೊಟ್ಟ ಆ ಪದ ಬಹಳ ಚೆನ್ನಾಗಿದೆ. 'ಕುಟ್ಟು' ಮಾತ್ರ ಬೇಡ, ಅದು ಒಬ್ಬರು ಬೇಕಂತ ಮಾಡೋ ಕೆಲಸ. ಇಲ್ಲಿ ಕಬ್ಬಿಣ ತಾನಾಗಿ ಬಡೀತಿದೆ. 'ಗಡಕ್' ಇರಲಿ. ಅನುಕರಣಾವ್ಯಯ ಅಂತ ವ್ಯಾಕರಣದಲ್ಲೇ ಜಾಗ ಇದೆ, ಕೀಳು ಪದ ಅಂತ ಯಾರೂ ಅನ್ನಬಾರದು.

ಬಿಲ್ಲುಪಟ್ಟಿ ನನಗೂ ಇಷ್ಟವಾಗಿತ್ತು. ಹಾಳೆಯಲ್ಲಿ ಬರೆದು ಹುಡುಗನಿಗೆ ತೋರಿಸಿದೆ. "ಬಿಲ್ಲಿನ ಪಟ್ಟಿ ಏನ್ರಿ, ರೇಟ್ ಹಾಕ್ತೀರೇನು?" ಅಂತ ಕೇಳಿದ. ಗ್ಯಾರೇಜಿನಲ್ಲಿ ಬಿಲ್ಲು ಅಂದರೆ ದುಡ್ಡು ಕೊಡೋ ಬಿಲ್ಲೇ. ಕಾಡಿನ ಬೇಡನ ಬಿಲ್ಲು ಅಲ್ಲಿ ಯಾರಿಗೂ ನೆನಪಾಗೋದಿಲ್ಲ. ತೂಗುಕಟ್ಟು ಅಂದರೆ ತೊಟ್ಟಿಲು, ಜೋಕಾಲಿ ಕಣ್ಣಿಗೆ ಬರುತ್ತೆ. ಇಲ್ಲಿ ಪಾಟಾ ಗಾಡಿಯ ಭಾರ ಹೊತ್ತಿರುತ್ತೆ.

ಕೀಲೆಣ್ಣೆಯ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂತೇನೆ. ಪದ ಚೆಂದ ಇದೆ, ನನ್ನಜ್ಜ ಚಕ್ಕಡಿಗೆ ಹಾಕೋದನ್ನ ನೋಡಿದ್ದೇನೆ. ಆದರೆ ಕೆಲವು ಜೀಪಿಗೆ ಉಕ್ಕಿನ ಬುಷ್, ಅದಕ್ಕೆ ಗ್ರೀಸ್ ಹೊಡೀಲೇಬೇಕು. ಕೆಲವಕ್ಕೆ ರಬ್ಬರ್ ಬುಷ್, ಅದಕ್ಕೆ ಎಣ್ಣೆ, ಗ್ರೀಸ್ ತಾಗಿದರೆ ಉಬ್ಬಿ ಮೆತ್ತಗಾಗಿ ಹಾಳಾಗುತ್ತೆ. 'ಕೀಲೆಣ್ಣೆ ಹಚ್ಚಿ' ಅಂತ ಗೋಡೆ ಮೇಲೆ ಓದಿದ ರೈತ ಮನೆಗೆ ಹೋಗಿ ಹಳೇ ಎಂಜಿನ್ ಆಯಿಲ್ ತಗೊಂಡು ಎಲ್ಲಾ ಕೀಲಿಗೂ ಸುರೀತಾನೆ. ಪದದಿಂದ ಗಾಡಿ ಕೆಡಬಾರದು.

ಹಾಳೆಗೆ ಕಾಕಾ ಇನ್ನೊಂದು ಸಾಲು ಸೇರಿಸಲು ಹೇಳಿದರು. ರಬ್ಬರ್ ಬುಷ್ ಹಾಕಿದ ಮೇಲೆ ಜಾಕ್ ಇಳಿಸಿ, ಗಾಡಿಯ ಭಾರ ಗಾಲಿ ಮೇಲೆ ಬಿದ್ದ ಮೇಲೇನೇ ಬೋಲ್ಟ್ ಕೊನೇ ಸಲ ಬಿಗಿಯಬೇಕು. ಗಾಲಿ ತೂಗಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು.

ಮರಾಠಿ ಜಗಳಕ್ಕೆ ನನ್ನದೊಂದು ಮಾತು. ನಮ್ಮ ತುಪ್ಪ ಅವರ ಮನೆಗೆ ಹೋಗಿ ತೂಪ್ ಆಯಿತು. ಅವರು ಅದನ್ನ ಯಾವತ್ತೂ ವಾಪಸ್ ಕಳಿಸಲಿಲ್ಲ. ಪಾಟಾ ಇಲ್ಲಿಯ ಪ್ರತಿ ಮಿಸ್ತ್ರಿಯ ಬಾಯಲ್ಲಿದೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದವರ ಬಾಯಲ್ಲೂ ಇದೆ. ಪಳಗೋದು ಅಂದರೆ ಇನ್ನೇನು?

ಬೋರ್ಡಿಗೆ ಹೀಗೆ ಬರೆಸ್ತೇನೆ: 'ಕಮಾನು ಪಾಟಾ, ಶಾಕಪ್, ಬುಷ್ ಕೆಲಸ ಮಾಡಲಾಗುವುದು.' ಕಮಾನ್ ಅಲ್ಲ, ಕಮಾನು. ಕೊನೆಗೆ ಉಕಾರ ಸೇರಿಸಿದ್ದೇನೆ. ಇದಕ್ಕೆ ಬಾಗಲಕೋಟೆಯವರ ಒಪ್ಪಿಗೆ ಇದ್ದರೆ ಹತ್ತರೊಳಗೆ ಒಂದು ಸಾಲು ಬರೀರಿ.